ಮಾನಪ್ಪನ ಕೈಗೆ ಬಾರದ ಕಟಾರಿ

ಬಳಗಾನೂರಿನ ಮಾನಪ್ಪ ಕುರಿ ಕಾಯುವವನು. ಹುಟ್ಟಿದಾಗಿನಿಂದ ಒಂದು ಹಾವನ್ನೂ ಹೊಡೆದವನಲ್ಲ. ಹಾವು ಕಂಡರೆ ಕುರಿಗಳಿಗಿಂತ ಮೊದಲು ತಾನೇ ಓಡುವ ಪೈಕಿ. ಆದರೂ ಸರ್ಕಾರದ ಕಣ್ಣಿಗೆ ಭಾರಿ ಅಪಾಯದ ಆಸಾಮಿ.

ನಿಜಾಮರ ಕಾಲದ ಕೊನೆಗೆ ಜವಳಗೇರಾದ ಹೊಲವೊಂದರಲ್ಲಿ ಅವನು ಗೊಬ್ಬರಕ್ಕೆಂದು ಕುರಿ ತರುಬಿದ್ದಾಗ, ಕಂದಾಯದ ಗಿರದಾವರನೊಬ್ಬ ಪುಕ್ಕಟೆ ಊಟಕ್ಕೆಂದು ಒಂದು ಮರಿಯನ್ನು ಎತ್ತಿಕೊಂಡು ಹೊರಟ. ಮಾನಪ್ಪನ ಕೈಯಲ್ಲಿ ನೀರು ತುಂಬಿದ ಹಿತ್ತಾಳೆ ತಂಬಿಗೆಯಿತ್ತು. ಬೀಸಿ ಒಗೆದ. ಗಿರದಾವರನ ತಲೆ ಒಡೆಯಿತು, ತಂಬಿಗೆ ನೆಗ್ಗಿತು. ಮಾನಪ್ಪ ಆರು ತಿಂಗಳು ಜೈಲಿನ ರೊಟ್ಟಿ ತಿಂದು ಬಂದ. ಮರಿ ಮಾತ್ರ ಉಳಿಯಿತು.

ನಿಜಾಮರು ಹೋದರು, ಹೊಸ ಸರ್ಕಾರ ಬಂತು. ಜೈಲು ಕಂಡವರು ಕತ್ತಿ, ಕಟಾರಿ, ಬಂದೂಕು ಮುಟ್ಟಕೂಡದೆಂದು ಹುಕುಂ ಆಯಿತು. ತಂಬಿಗೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಮಾನಪ್ಪನಿಗೆ ಈ ಹುಕುಮಿನಿಂದ ಏನೂ ತೊಂದರೆಯಿರಲಿಲ್ಲ, ಐವತ್ತೊಂದನೆಯ ಇಸವಿಯಲ್ಲಿ ಜವಳಗೇರಾದ ಆದೆಪ್ಪನ ಮಗಳು ಗದ್ದೆಮ್ಮನ ಜೊತೆ ಮದುವೆ ಗೊತ್ತಾಗುವ ತನಕ. ನಮ್ಮ ಕಡೆ ಅರಿಷಿಣ ಹಚ್ಚಿದ ಗಳಿಗೆಯಿಂದ ಮದುಮಗನ ಕೈಯಲ್ಲಿ ಕಟಾರಿ ಇರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಇಲ್ಲದಿದ್ದರೆ ದೆವ್ವದ ಗಾಳಿ ಸೋಕುತ್ತದೆಂದು ಹೆದರಿಕೆ.

ಬಳಗಾನೂರಿನ ಚಪ್ಪರದಲ್ಲಿ ಅರಿಷಿಣ ಹಚ್ಚಿ ಮುಗಿದು ಕಟಾರಿ ಇನ್ನೇನು ಮಾನಪ್ಪನ ಕೈಗೆ ಬರಬೇಕು, ಅಷ್ಟರಲ್ಲಿ ಊಟಕ್ಕೆ ಕರೆಸಿಕೊಂಡಿದ್ದ ಪೊಲೀಸ್ ಜಮಾದಾರ ಶಾವಲಿ ಎದ್ದು ನಿಂತ.

"ಮಾನಪ್ಪ, ಅದನ್ನ ಮುಟ್ಟಬ್ಯಾಡಪ. ಮುಟ್ಟಿದ್ರ ನಾ ಉಣ್ಣೂದು ಬಿಟ್ಟು ನಿನ್ನ ಹಿಡ್ಕೊಂಡು ಹೋಗಬೇಕಾಗ್ತದ."

ಆದೆಪ್ಪ ಸಿಡಿದ. "ಕಟಾರಿ ಇಲ್ಲದ ಮದುಮಗನಿಗೆ ನಾ ಮಗಳನ್ನ ಕೊಡಂಗಿಲ್ಲ. ಏಳ್ರೋ, ಬಂಡಿ ಹೂಡ್ರಿ!"

"ಕುಡಗೋಲಾದ್ರ ನಡೀತದ," ಎಂದ ಶಾವಲಿ. ಪಾಪ, ಅವನಿಗೂ ಹಸಿವಾಗಿತ್ತು. "ಅದು ರೈತನ ಸಾಮಾನು."

"ನನ್ನ ಮಗಳನ್ನೇನು ಜ್ವಾಳ ಕೊಯ್ದಂಗ ಕೊಯ್ಯಾಕ ಒಯ್ತಾನೇನ್ರಿ?"

ಮಾನಪ್ಪನ ಮುಖದ ಅರಿಷಿಣದ ಮೇಲೆ ಕಣ್ಣೀರಿಳಿಯಿತು. ನಮಗೂ ಕರುಳು ಚುರ್ರೆಂದಿತು, ಜೊತೆಗೆ ಹುಗ್ಗಿ ತಣ್ಣಗಾಗುತ್ತಿದೆಯಲ್ಲ ಎಂಬ ಸಂಕಟವೂ ಆಯಿತು. ಆಗ ಮದುಮಗಳು ಎದ್ದಳು.

"ಜಮಾದಾರ್ರ, ನನ್ನ ಮ್ಯಾಲ ಏನರ ಕೇಸ್ ಐತೇನ್ರಿ?"

"ಇಲ್ಲವ್ವ."

"ಹಂಗಾರ ಕಟಾರಿ ಇತ್ತ ಕೊಡ್ರಿ, ನಾ ಹಿಡಕೊಂತೀನಿ. ಯಪ್ಪಾ, ನೀ ಕುಂದರು. ಗಾಳಿ ಬಂದ್ರ ಇಬ್ಬರಿಗೂ ಬರತೈತಿ, ಯಾರು ಹಿಡಿದ್ರೇನು?"

ಕಟಾರಿ ಹಿಡಿದು ನಿಂತ ಮಗಳೆದುರು ವಾದಿಸುವ ಧೈರ್ಯ ಆದೆಪ್ಪನಿಗೂ ಇರಲಿಲ್ಲ. ಮಾನಪ್ಪ ಬರಿಗೈಯಲ್ಲಿ ತಾಳಿ ಕಟ್ಟಿದ. ಶಾವಲಿ ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂತ.

ಹೊಸ ಮನೆವಾರ್ತೆಯ ಮೊದಲ ದಿನ ಮಾನಪ್ಪ ಕುಡಿಯಲು ನೀರು ಕೇಳಿದ. ಗದ್ದೆಮ್ಮ ತಂಬಿಗೆಯಲ್ಲೇ ತಂದಳು, ಆದರೆ ಕೈಗೆ ಕೊಡಲಿಲ್ಲ.

"ಬೊಗಸಿ ಹಿಡಿ, ಹಾಕ್ತೀನಿ. ಹುಕುಂ ಬರದೋರು ಆ ಗಿರದಾವರನ ತಲಿ ನೋಡಿಲ್ಲ. ಅವನ್ನ ಜವಳಗೇರಾಕ ಹೊತ್ತು ತಂದಾಗ ನಾ ನಮ್ಮ ಬಾಗಲದಾಗ ನಿಂತು ನೋಡೀನಿ."

ಮಾನಪ್ಪ ಗಾಬರಿಯಾಗಿ ಕೇಳಿದ, "ನೋಡಿನೂ ನನ್ನ ಮಾಡ್ಕೊಂಡ್ಯಾ?"

"ನೋಡೇ ಮಾಡ್ಕೊಂಡೀನಿ. ಒಂದು ಮರಿ ಸಲುವಾಗಿ ಜೈಲಿಗೆ ಹೋದಾವ, ನನ್ನ ಕೈ ಬಿಡ್ತಾನೇನು?"

ಮಾನಪ್ಪ ಬೊಗಸೆ ಹಿಡಿದ.