ಸಮುದ್ರಕ್ಕ ತಳಾ ಐತೇನ್ರಿ?

ನಮ್ಮ ದಾದಿ, ಅಂದ್ರ ಅಬ್ಬಾನ ತಾಯಿ, ಬಾವ್ಯಾಗ ಕೊಡಾ ದಡಲ್ ಅಂತ ಬಿಡಗೊಡ್ತಿದ್ದಿಲ್ಲ. ಹಗ್ಗಾ ಹಿಡಿದು ಸಾವಕಾಶ, ಸಪ್ಪಳ ಆಗದಂಗ ಇಳಿಸ್ಬೇಕು. ನಾವು ಹುಡುಗೂರು ಮರತು ಬಿಟ್ವಿ ಅಂದ್ರ ಮುಗೀತು, ಎಲ್ಲಿದ್ರೂ ಓಡಿ ಬಂದು ಬಾವಿ ಕಟ್ಟಿಗೆ ಕಿವಿ ಹಚ್ಚಿ ಕುಂಡ್ರಾಕಿ. 'ಅವನ ಮ್ಯಾಲ ಬಿತ್ತು ನೋಡ್ರಿ' ಅನ್ನಾಕಿ. ಆಮ್ಯಾಲ ನಮ್ಮ ಕಡೆ ತಿರುಗಿ 'ನಿಮ್ಮ ಕೈಗೆ ಹುಳಾ ಬೀಳ್ಲಿ' ಅಂತ ಬೈಯ್ಯಾಕಿ. ಬೈಗಳಕ್ಕ ನಾವು ಅಂಜತಿದ್ದಿಲ್ಲ. ಆ ಮೊದಲನೇ ಮಾತಿಗೆ ಮಾತ್ರ ಹಾಡಹಗಲ ಮೈ ಜುಂ ಅಂತಿತ್ತು.

'ಅಂವ' ಅಂದ್ರ ನಮ್ಮ ಚಾಚಾ, ದಾದಿಯ ಸಣ್ಣ ಮಗ. ದುಡಿಯಾಕಂತ ಮುಂಬಯಿಗೆ ಹೋಗಿ ಹಡಗದಾಗ ಅಡಿಗಿ ಕೆಲಸಕ್ಕ ಸೇರಿದ್ದ. ಹೊಳಿ ದಾಟಾಕ ಹರಗೋಲ ಹತ್ತಂದ್ರ ಕಣ್ಣ ಮುಚ್ಚಿಕೊಳ್ಳೂ ಮನಶ್ಯಾ, ಹಡಗ ಹತ್ತಿದ್ದ ನೋಡ್ರಿ! ಒಂದು ಮಳಿಗಾಲದಾಗ ಅದರ ಅಂಚಿನಿಂದ ಸಮುದ್ರಕ್ಕ ಬಿದ್ದ. ಹೆಣಾ ಸಿಗಲಿಲ್ಲ. ಅವನ ಜೋಡಿ ಕೆಲಸಾ ಮಾಡ್ತಿದ್ದ ಸಿಂದಗಿ ಕಡೆಯಾಂವ ಒಬ್ಬ ಮನಿತನಕ ಬಂದು ಸುದ್ದಿ ಹೇಳಿದ. ಎಲ್ಲಾರೂ ಅತ್ರು, ದಾದಿ ಅಳಲಿಲ್ಲ. 'ಹುಡುಕಲಿಲ್ಲೇನಪಾ? ಅಲ್ಲೆ ಎಷ್ಟ ಆಳ ಐತಿ?' ಅಂತ ಕೇಳಿದ್ಲು. ಅಂವ ಚಾದ ಬಸಿ ಕೆಳಗಿಟ್ಟು, 'ಆಳ ಏನ್ ಕೇಳ್ತೀರಿ ಅಮ್ಮಾ, ಸಮುದ್ರಕ್ಕ ತಳಾನ ಇಲ್ರಿ' ಅಂದ.

ಅವನ ಬಾಯಾಗ ಮಣ್ಣ ಬೀಳ್ಲಿ. ನಮ್ಮ ಕಡೆ ಮಂದಿಗೆ ಮಾತು ದೊಡ್ಡದ ಮಾಡಿ ಹೇಳೂ ಚಟಾ. ನಾಕು ಚೀಲ ಜ್ವಾಳಾ ಬಂದ್ರ 'ಅಳತೀನ ಇಲ್ಲ' ಅಂತಾರ, ಲಗ್ನಕ್ಕ ನೂರ ಮಂದಿ ಬಂದ್ರ 'ಊರಾಗ ಹಿಡಸಲಿಲ್ಲ' ಅಂತಾರ. ಕೇಳಾವ್ರು ಅರ್ಧಾ ಕಳದು ತಿಳಕೋತಾರ. ಆದ್ರ ದಾದಿ ಸಮುದ್ರ ಕಂಡಾಕಿ ಅಲ್ಲ, ಎಷ್ಟ ಕಳೀಬೇಕು ಅಂತ ಆಕಿಗೆ ಹೆಂಗ ಗೊತ್ತಾಗಬೇಕು? ಬಾವಿಗೆ ತಳಾ ಐತಿ, ಹೊಳಿಗೆ ತಳಾ ಐತಿ. ತಳಾನ ಇಲ್ಲದ ನೀರಾಗ ಬಿದ್ದಾಂವ ಎಲ್ಲೆ ನಿಲ್ತಾನ? ನಿಲ್ಲೂದ ಇಲ್ಲ, ಇಳೀತಾನ ಇರ್ತಾನ. ದಾದಿ ತಿಳಕೊಂಡದ್ದು ಹಿಂಗ.

ನಮ್ಮಲ್ಲೆ ಸತ್ತವರನ್ನ ಕಳಸಾಕ ಹೋಗೂದಕ್ಕ 'ಮಣ್ಣಿಗೆ ಹೋಗೂದು' ಅಂತಾರ. ನಾವು ಮುಸಲ್ಮಾನರಾಗ್ಲಿ, ಬಾಜೂ ಮನಿ ಲಿಂಗಾಯತರಾಗ್ಲಿ, ಇಬ್ರೂ ಹೂಳಾವ್ರು. ಹೋದಾವ್ರು ಮೂರ ಹಿಡಿ ಮಣ್ಣು ಹಾಕಿ ಬರ್ತಾರ. 'ಮಣ್ಣ ಆತು' ಅಂದ್ರ ಎಲ್ಲಾ ಮುಗೀತು ಅಂತ ಅರ್ಥ. ಚಾಚಾಗ ಅದು ಆಗಲಿಲ್ಲ. ಅಬ್ಬಾ ಅವನ ಹೆಸರಿಲೆ ಫಾತೇಹಾ ಓದಿಸಿ ಊಟಾ ಹಾಕಿಸಿದ. ದಾದಿ ಆ ಅನ್ನಾ ಮುಟ್ಟಲಿಲ್ಲ. 'ಅಂವ ಇನ್ನೂ ಕೆಳಗ ಹೊಂಟಾನ. ಹೋಗಿ ಮುಟ್ಟಲಾರದವಗ ಫಾತೇಹಾ ಏನ್ ಓದ್ತೀರಿ?' ಅಂದ್ಲು.

ಹಂಗ ವರ್ಷ ಕಳದ್ವು. ದಾದಿ ರೊಟ್ಟಿ ಬಡಿಯಾಕಿ ನಡುವ ಕೈ ನಿಲ್ಲಿಸಿ, 'ಈಗ ಭಾಳ ಕತ್ತಲಿ ಆಗಿರ್ಬೇಕು ಅವಗ' ಅನ್ನಾಕಿ. ಒಲಿ ಮುಂದ ಕುಂತ ನಮ್ಮ ಅಮ್ಮಾ 'ಯಾ ಅಲ್ಲಾ' ಅಂತಿದ್ಲು. ದಾದಿ ನಿದ್ದಿ ಮಾಡೂದು ಬಿಟ್ಟಳು, ಊಟಾ ಕಮ್ಮಿ ಮಾಡಿದ್ಲು, ಒಣಗಿ ಕಟಗಿ ಆದ್ಲು. ಮಲಕೋ ಅಂದ್ರ, 'ಅಂವ ನಿಲ್ಲೂತನಕ ನಾ ಹೆಂಗ ಕಣ್ಣ ಮುಚ್ಚಲಿ?' ಅಂತಿದ್ಲು.

ಆಣಿಕಟ್ಟಿನ ಸರ್ವೇ ಮಂದಿ ನಿಡಗುಂದಿ ಕಡೆ ಬಂದು ಇಳಿದಿದ್ದ ವರ್ಷ ಅಬ್ಬಾ ಪಡಸಾಲಿ ನೆಲಕ್ಕ ಪರಸಿಗಲ್ಲು ಹಾಕಿಸಿದ. ನನ್ನ ಲಗ್ನದ ಮಾತು ನಡದಿದ್ವು. ಬಾಗೇವಾಡಿಯಿಂದ ನೋಡಾಕ ಬರಾವ್ರಿಗೆ ಸಾರಿಸಿದ ನೆಲಾ ತೋರಿಸೂದು ಅವನಿಗೆ ಬ್ಯಾಡಾಗಿತ್ತು. ಮುದ್ದೇಬಿಹಾಳದ ಆಚೆಯಿಂದ ಬಂಡ್ಯಾಗ ನುಣ್ಣನ್ನ ಚಪ್ಪಟಿ ಕಲ್ಲು ಬಂದ್ವು. ಕಲ್ಲ ಕೂಡಸಾಕ ಬಂದ ಗವಂಡಿ ಅದರಾಗ ಒಂದನ್ನ ಬದಿಗಿಟ್ಟ. ಅದರ ಮ್ಯಾಲ ಸುತ್ತು ಸುತ್ತು ಗೆರಿ ಇದ್ವು, ಉಳ್ಳಾಗಡ್ಡಿ ಅಡ್ಡ ಕೊಯ್ದಂಗ. 'ಇದರ ಮಾರಿ ಕೆಳಗ ಮಾಡಿ ಹಾಕ್ತೇನ್ರಿ' ಅಂದ. ದಾದಿ ಬಂದು ಕುಂತು ಕೈಯಾಡಿಸಿ ನೋಡಿದ್ಲು. ನಡುವ ಸಣ್ಣ ಸುತ್ತು, ಅದರ ಹೊರಗ ಮತ್ತೊಂದು, ಅದರ ಹೊರಗ ಮತ್ತೊಂದು.

'ಇಲ್ಲೆ ಏನೋ ಬಿದ್ದೈತಿ' ಅಂದ್ಲು.

ನಾನೂ ಬಗ್ಗಿ ನೋಡಿದೆ. ಬಾವ್ಯಾಗ ಹರಳು ಒಗದ್ರ ನೀರು ಹೆಂಗ ಸುತ್ತಾಗಿ ಹರಡತೈತಿ, ಖರೇನ ಹಂಗ ಇತ್ತು. ಆದ್ರ ಈ ನೀರು ಅಲ್ಲೇ ನಿಂತ ಬಿಟ್ಟಿತ್ತು. ಆ ಕಲ್ಲು ತನ್ನ ಹಾಸಿಗಿ ಬಾಜೂಕ, ಮಾರಿ ಮ್ಯಾಲ ಮಾಡೇ ಹಾಕ್ಬೇಕು ಅಂತ ದಾದಿ ಹಟಾ ಹಿಡಿದ್ಲು. ಗವಂಡಿ ಅಬ್ಬಾನ ಮಾರಿ ನೋಡಿದ. ಅಬ್ಬಾ, 'ಹಾಕ ಮಾರಾಯಾ, ಇಲ್ಲಾಂದ್ರ ಇದ್ದೊಂದು ಊಟಾನೂ ಬಿಡ್ತಾಳ' ಅಂದ.

ಅವತ್ತಿನಿಂದ ದಾದಿ ಬಾವಿ ಕಟ್ಟಿ ಬಿಟ್ಟು ಆ ಕಲ್ಲಿಗೆ ಕಿವಿ ಹಚ್ಚಾಕತ್ತಿದ್ಲು. ಅದನ್ನ ಯಾರಿಗೂ ದಾಟಗೊಡಲಿಲ್ಲ, ಊಟದ ತಾಟ ಅದರ ಮ್ಯಾಲ ಇಡಗೊಡಲಿಲ್ಲ. ಮೋಡ ಮುಚ್ಚಿದ ದಿನ ಉಳಿದ ಪರಸಿ ಒಣಾ ಒಣಾ ಇದ್ರ ಅದೊಂದು ಹಸಿ ಆಗ್ತಿತ್ತು. ಗೆರಿಯೊಳಗ ನೀರು ಹೊಳೀತಿತ್ತು. ಅಮ್ಮಾ ಒರಸಿದ್ರ ಸ್ವಲ್ಪ ಹೊತ್ತಿಗೆ ಮತ್ತ ಹಸಿ. ನಾ ಸುಳ್ಳ ಹೇಳಾಕಿ ಅಲ್ಲ, ಈ ಬೆರಳಿಲೆ ಮುಟ್ಟಿ ನೋಡೇನಿ.

ಒಂದು ಮಧ್ಯಾಹ್ನ ನಾ ಬಾಜೂಕ ಅಡ್ಡಾಗಿದ್ದೆ. ದಾದಿ ನನ್ನ ಕೈ ಹಿಡಿದು ಆ ನಡುವಿನ ಸಣ್ಣ ಸುತ್ತಿನ ಮ್ಯಾಲ ಒತ್ತಿದ್ಲು. 'ಹೊಂಟಾನ ನೋಡು. ತಿಳೀತೈತೇನು?' ಅಂದ್ಲು. ಅಂಗೈ ಕೆಳಗ ಏನೋ ಡಬ್ ಡಬ್ ಅಂದಂಗಾತು. ನನ್ನ ನಾಡೀನ ಇರ್ಬೇಕು, ಮತ್ತೇನ ಇರ್ತೈತಿ? ಆದ್ರ ಆವಾಗ ಹಂಗ ಅನಿಸಲಿಲ್ಲ. ಕೈ ಕಿತ್ತುಕೊಂಡು ಓಣಿತನಕ ಓಡಿದ್ದ ಓಡಿದ್ದು.

ಅಬ್ಬಾ ಇಂಡಿ ಕಡೆಯ ದರ್ಗಾದಿಂದ ತಾಯಿತ ತಂದು ಕಟ್ಟಿದ, ಏನೂ ಆಗಲಿಲ್ಲ. ಮುದುಕಿಗೆ ಕಲ್ಲಿನ ದೆವ್ವ ಬಡದೈತಿ ಅಂತ ಊರಾಗ ಗುಸುಗುಸು ಎದ್ದಿತು. ಕಡೀಕ ಅಬ್ಬಾಗ ತಾಳ್ಮಿ ಹೋತು. ಕಲ್ಲ ಕಿತ್ತು ಒಡದು ಒಗೀತೇನಿ ಅಂತ ಗವಂಡೀನ ಕರಸಿದ. ದಾದಿ ಹೋಗಿ ಕಲ್ಲಿನ ಮ್ಯಾಲ ಕುಂತಬಿಟ್ಟಳು. 'ಮೊದಲ ನನ್ನ ಒಡೀರಿ' ಅಂದ್ಲು. ಗವಂಡಿ ಎತ್ತಿದ ಕಬ್ಬಿಣದ ಹಾರಿ ಕೆಳಗ ಇಳಿಸಿದ.

ಅದ ಹೊತ್ತಿಗೆ ಬಾಗಲದಾಗ ಒಬ್ಬ ನೀರು ಕೇಳಿದ. ಸರ್ವೇದವರ ಪೈಕಿ ಕಲ್ಲು ಪರೀಕ್ಷಾ ಮಾಡೂ ಹುಡುಗ ಅಂವ, ಮೈಸೂರ ಕಡೆಯಾಂವ. ಊರ ಮಂದಿ 'ಕಲ್ಲಿನ ಸಾಹೇಬ' ಅಂತಿದ್ರು. ನಾ ತಂಬಿಗಿ ಕೊಟ್ಟೆ. ಕುಡೀಕೋತ ಒಳಗ ಹಣಿಕಿ ಹಾಕಿದಾಂವ ಅರ್ಧಕ್ಕ ನಿಲ್ಲಿಸಿ, ಬೂಟು ಕಳದು ಒಳಗ ಬಂದ. 'ಅಜ್ಜಿ, ಒಂಚೂರು ಸರೀತೀರಾ?' ಅಂದ. ಯಾರ ಮಾತೂ ಕೇಳದ ನಮ್ಮ ದಾದಿ ಅವಗ ಸರದು ಜಾಗಾ ಕೊಟ್ಟಳು. ಅಂವ ಮೊಣಕಾಲ ಊರಿ, ತಂಬಿಗ್ಯಾಗ ಉಳಿದ ನೀರು ಕಲ್ಲಿಗೆ ಸವರಿದ. ಸುತ್ತೆಲ್ಲಾ ಕರ್ರಗ ಎದ್ದು ಕಂಡ್ವು.

'ಅಯ್ಯೋ, ಇದನ್ನ ಒಡೀಬೇಡಿ. ಇದು ಸಮುದ್ರದ ತಳ.'

ಅಂವ ತನ್ನ ಪಾಡಿಗೆ ತಾ ಹೇಳಾಕತ್ತ. 'ಒಂದು ಕಾಲಕ್ಕೆ ಇಲ್ಲೆಲ್ಲಾ ಸಮುದ್ರ ಇತ್ತು. ಈ ಸುತ್ತು ಇದೆಯಲ್ಲಾ, ಇದು ಪಾಚಿ. ತಳಕ್ಕೆ ಅಂಟಿಕೊಂಡು ಪದರದ ಮೇಲೆ ಪದರ ಬೆಳೆದಿದ್ದು. ಕೆಸರು ಕೂತು ಕೂತು ಕಲ್ಲಾಗಿದೆ.'

'ಜೀವ ಇತ್ತೇನ್ರಿ ಇದಕ್ಕ?' ಅಂತ ಅಮ್ಮಾ ಬಾಗಲಾ ಮರಿಗಿ ನಿಂತು ಕೇಳಿದ್ಲು.

'ಇತ್ತಮ್ಮ. ಮನುಷ್ಯರು ಹುಟ್ಟೋಕೆ ಎಷ್ಟೋ ಮೊದಲು.'

ಅಮ್ಮಾ ಸೆರಗು ಬಾಯಿಗೆ ಹಿಡಕೊಂಡ್ಲು. ಜೀವ ಇದ್ದದ್ದನ್ನ ದಿನಾ ಒರಸ್ತಿದ್ದಾಕಿ ಆಕೀನ ಅಲ್ಲೇನು!

ದಾದಿ ಮಾತ್ರ ಪಾಚಿ ಮಾತು ಕೇಳಿಸಿಕೊಂಡೇ ಇದ್ದಿಲ್ಲ. ಅವನ ಮಾರೀನ ನೋಡಾಕತ್ತಿದ್ಲು. 'ಸಮುದ್ರಕ್ಕ ತಳಾ ಐತೇನ್ರಿ?' ಅಂದ್ಲು.

ಸಾಹೇಬ ನಕ್ಕ. 'ತಳ ಇಲ್ಲದೆ ನೀರು ಎಲ್ಲಿ ನಿಲ್ಲುತ್ತೆ ಅಜ್ಜಿ? ಎಲ್ಲಾ ಸಮುದ್ರಕ್ಕೂ ಇದೆ. ಅಲ್ಲೂ ಮಣ್ಣೇ ಇರೋದು.'

'ಮಣ್ಣ ಐತಿ?'

'ಮಣ್ಣು, ಕೆಸರು.'

'ಮ್ಯಾಲಿಂದ ಬಿದ್ದದ್ದು ಅಲ್ಲಿ ಹೋಗಿ ಮುಟ್ಟಾಕ ಎಷ್ಟ ಹೊತ್ತ ಹಿಡೀತೈತ್ರಿ?'

ಆಕಿ ಯಾತಕ್ಕ ಕೇಳಾಕತ್ಯಾಳಂತ ಅವನಿಗೇನ ಗೊತ್ತು? ಕಲ್ಲೋ ಗಿಲ್ಲೋ ಅಂತ ತಿಳಕೊಂಡಿರ್ಬೇಕು. 'ಹೆಚ್ಚು ಹೊತ್ತೇನಿಲ್ಲ ಅಜ್ಜಿ. ದಡದ ಹತ್ತಿರ ಆದ್ರೆ, ಒಂದು ಲೋಟ ಕಾಫಿ ಕುಡಿದು ಮುಗಿಸೋಷ್ಟರಲ್ಲಿ.'

ದಾದಿ ಅಬ್ಬಾನ ಕಡೆ ತಿರುಗಿದ್ಲು. ಆಕಿ ಮಾರಿ ಹಂಗ ಆಗಿದ್ದು ನಾ ಎಂದೂ ನೋಡಿದ್ದಿಲ್ಲ. 'ಚಾ ಕುಡಿಯೂದ್ರಾಗ ಮುಟ್ಯಾನಂತೋ' ಅಂದ್ಲು. 'ಅವತ್ತ ಮುಟ್ಯಾನಂತ.'

ಆಮ್ಯಾಲ ಅತ್ತಳು. ಅಷ್ಟು ವರ್ಷದ್ದೆಲ್ಲಾ ಒಮ್ಮೆಲೇ, ಎದಿ ಬಡಕೊಂಡು, ಮಗನ ಹೆಸರ ಹಿಡಿದು. ಬಾಜೂ ಮನಿಯವ್ರು ಓಡಿ ಬಂದ್ರು. ಸಾಹೇಬ ಗಾಬರಿಯಾಗಿ, 'ನಾನೇನಾದ್ರೂ ತಪ್ಪು ಮಾತಾಡಿದೆನಾ?' ಅಂತ ಅಬ್ಬಾನ ಕೇಳಿದ. ಅಬ್ಬಾ ಎರಡೂ ಕೈಲೆ ಅವನ ಕೈ ಹಿಡಕೊಂಡ.

ಅತ್ತು ಹಗುರಾದ ಮ್ಯಾಲ ದಾದಿ ನನ್ನ ಕರದು, ಹಿತ್ತಲದಾಗಿನ ಎರಿ ಮಣ್ಣು ತಾ ಅಂದ್ಲು. ಬುಟ್ಟಿ ತುಂಬ ತಂದೆ. ಮೊದಲ ಆಕಿ ಮೂರ ಹಿಡಿ ಆ ಸುತ್ತಿನ ಮ್ಯಾಲ ಹಾಕಿದ್ಲು. ಅಬ್ಬಾ ಹಾಕಿದ, ಅಮ್ಮಾ ಹಾಕಿದ್ಲು, ನಾ ಹಾಕಿದೆ. ಗವಂಡಿ ಹಾರಿ ಗ್ವಾಡಿಗೆ ಆನಿಸಿ ಬಂದು ಹಾಕಿದ. ಬಾಜೂ ಮನಿಯವ್ರೂ ಹಾಕಿದ್ರು. ಸಾಹೇಬ ಎಲ್ಲಾರ ಮಾರಿ ನೋಡಿ, ಕೇಳೂದೋ ಬ್ಯಾಡೋ ಅಂತ ನಿಂತು, ಕಡೀಕ ತಾನೂ ಬಗ್ಗಿ ಒಂದು ಹಿಡಿ ತಗೊಂಡ. ಸುತ್ತೆಲ್ಲಾ ಮುಚ್ಚಿ ಹೋದ್ವು.

ಬಾಗಲದಾಗ ಮಂದಿ ಕೂಡಿತ್ತು. ಯಾರೋ ಏನಾತ್ರಿ ಅಂತ ಕೇಳಿದ್ರು. ದಾದಿ ಸೆರಗಿಲೆ ಕಣ್ಣ ಒರಸಿಕೊಂಡು, 'ನಮ್ಮ ಸಣ್ಣಾವಂದು ಮಣ್ಣ ಆತು' ಅಂದ್ಲು.