ಡಾಕ್ಟರು ತೆಗೆದಿಡುತ್ತಿದ್ದ ಉಂಗುರ

ಡಾಕ್ಟರ ಬಲಗೈಯ ಉಂಗುರದ ಬೆರಳಲ್ಲಿ ಒಂದು ಬಿಳಿ ಗೆರೆ ಇತ್ತು. ಉಳಿದ ಕೈಯೆಲ್ಲ ಕಪ್ಪು, ಅದೊಂದು ಸುತ್ತು ಮಾತ್ರ ಬಿಸಿಲು ಕಾಣದ ಚರ್ಮ. ಹಲ್ಲಿಗೆ ಬೆಳ್ಳಿ ತುಂಬುವ ಮೊದಲು ಡಾಕ್ಟರು ದಪ್ಪ ಬಂಗಾರದ ಉಂಗುರ ತೆಗೆದು ಸ್ಟೀಲ್ ಬಟ್ಟಲಲ್ಲಿ ಹಾಕಿ, ಅದನ್ನು ದೇವರ ಫೋಟೊ ಮುಂದೆ ಇಡುತ್ತಿದ್ದರು. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ತವರೂರು ಸಂತೆಕಲ್ಲೂರಿಗೆ ಹೋದಾಗ, "ನಮ್ಮ ಸಾಹೇಬ್ರು ಕೆಲಸಾನ ದೇವ್ರು ಅಂತಾರ" ಎಂದು ಹೊಗಳಿದ್ದೂ ಉಂಟು. ಎಂಥ ದಡ್ಡಿ ನಾನು.

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಅವರ ದವಾಖಾನೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಗಂಡನ ಊರು ವಳಕಮದಿನ್ನಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಪುಟ್ಟ ಒರಳಲ್ಲಿ ಬೆಳ್ಳಿಪುಡಿಗೆ ಪಾದರಸ ಬಿಟ್ಟು ಅರೆಯುವುದು, ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿಂದ ನಾದುವುದು, ಹೆಚ್ಚಾದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ತೆಗೆಯುವುದು ನನ್ನ ಕೆಲಸ. "ಬೆಣ್ಣಿ ಹಂಗ ಆಗ್ಬೇಕು ನೋಡವ್ವಾ" ಎನ್ನುತ್ತಿದ್ದರು. ಗ್ಲೌಸು ಕೇಳಿದರೆ, "ಕೈಯಾಗಿನ ಬಿಸಿ ತಾಗಿದ್ರನ ಅದು ಹದಕ್ಕ ಬರ್ತೈತಿ. ಏನೂ ಆಗಂಗಿಲ್ಲ" ಎನ್ನುತ್ತಿದ್ದರು.

ಏನೂ ಆಗಂಗಿಲ್ಲ ಎನ್ನುವುದು ಅವರ ಬಾಯಿಪಾಠ. ಬಾಯಲ್ಲಿ ಹತ್ತಿ ತುರುಕಿದ ಮೇಲೆ ರೈತರಿಗೆ ಭತ್ತದ ಧಾರಣೆ ಕೇಳುವುದು ಅವರ ಹಾಸ್ಯ. ಪಾಪದವರು ಗುಳುಗುಳು ಎಂದರೆ ನಗುತ್ತಿದ್ದರು, ಅದೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಊಟವಾದ ಮೇಲೆ ರೋಗಿಗಳ ಕುರ್ಚಿಯಲ್ಲೇ ಅಂಗಾತ ಮಲಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹಾಗೆ ಮಲಗಿದ್ದಾಗಲೇ ನಾನು ನೋಡಿದ್ದು, ಅವರ ಕೆಳದವಡೆಯಲ್ಲಿ ಬೆಳ್ಳಿ ತುಂಬಿದ ನಾಲ್ಕು ಹಲ್ಲುಗಳಿದ್ದವು.

ಮನೆಯಲ್ಲೇ ತೆಗೆದಿಟ್ಟು ಬರುತ್ತಿದ್ದ ಮದುವೆಯ ಉಂಗುರವನ್ನು ಒಂದು ದಿನ ಅವಸರದಲ್ಲಿ ಹಾಕಿಕೊಂಡೇ ಬಂದು ನಾದಿಬಿಟ್ಟೆ. ಸಂಜೆಗೆ ಬಂಗಾರ ಬೆಳ್ಳಗಾಗಿತ್ತು. ಅತ್ತೆಗೆ ಏನು ಹೇಳಲಿ ಎಂದು ಹೆದರಿದೆ. ಬಂಗಾರದ ಕೆಲಸದ ಪತ್ತಾರರ ಅಂಗಡಿಗೆ ಓಡಿದೆ. ಆ ಮುದುಕ ಉಂಗುರ ತಿರುಗಿಸಿ ನೋಡಿ, "ಪಾದರಸ ಮುಟ್ಟಿಯೇನವ್ವಾ? ಬಂಗಾರ ಇದನ್ನ ಹೀರ್ಕೊಂತೈತಿ. ನಿಮ್ಮ ಡಾಕ್ಟ್ರಿಗೆ ಗೊತ್ತಿರಬೇಕಲ್ಲ" ಎಂದ.

ಗೊತ್ತಿತ್ತು. ಸ್ಟೀಲ್ ಬಟ್ಟಲು ಅದಕ್ಕೇ ಇತ್ತು. ತನ್ನ ಬಂಗಾರಕ್ಕೆ ಏನಾಗುತ್ತದೆ ಎಂದು ತಿಳಿದ ಮನುಷ್ಯ ನನ್ನ ಅಂಗೈಗೆ ಏನೂ ಆಗುವುದಿಲ್ಲ ಎನ್ನುತ್ತಿದ್ದ. ಅವತ್ತಿನಿಂದ ಅವರನ್ನು ಕಂಡರೆ ನನಗೆ ಅಸಹ್ಯ. ಆದರೂ ಕೆಲಸ ಬಿಡಲಿಲ್ಲ, ಅದಕ್ಕೆ ನನ್ನ ಮೇಲೂ ಅಸಹ್ಯವೇ.

ಆಮೇಲೆ ಸರ್ಕಾರದ ಕಾಗದವೊಂದು ಬಂತು. ಪಾದರಸ ಕಡಿಮೆ ಮಾಡಿ, ಮಕ್ಕಳಿಗೂ ಬಸುರಿಯರಿಗೂ ಹಾಕಬೇಡಿ ಎಂದಿತ್ತು. ಡಾಕ್ಟರು ಅದನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಸ್ಟೂಲಿನ ಕಾಲಿಗೆ ಒತ್ತು ಕೊಟ್ಟರು. ಮುಂದೆ ಬೆಳ್ಳಿಯ ಬದಲು ಹಲ್ಲಿಗೆ ತುಂಬುವ ಬಿಳಿ ಸಿಮೆಂಟು ಬಂತು, ಅದಕ್ಕೆ ದರ ಹೆಚ್ಚು. ಸ್ಟೂಲಿನ ಕಾಲಡಿಯ ಅದೇ ಕಾಗದವನ್ನು ಬಿಡಿಸಿ, ಮಡಿಕೆಯ ಗೆರೆ ಇದ್ದ ಹಾಗೆಯೇ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಾಕಿದರು. ಬಂದವರಿಗೆಲ್ಲ ಅದನ್ನು ತೋರಿಸಿ, "ನಿಮ್ಮ ಬಾಯಾಗ ವಿಷ ಐತಿ, ತಗದು ಬಿಳೇದು ಹಾಕಾನು" ಎನ್ನುತ್ತಿದ್ದರು. ಆ ವಿಷವನ್ನು ತಾವೇ ತುಂಬಿದ್ದೆಂದು ಒಬ್ಬರಿಗೂ ಹೇಳಲಿಲ್ಲ. ಕೊರೆಯುವಾಗ ಕರಿಪುಡಿ ಹಾರಿ ರೋಗಿಯ ಗಂಟಲಿಗೂ ನನ್ನ ಮೂಗಿಗೂ ಹೋಗುತ್ತಿತ್ತು. ಮಾಸ್ಕು ಮಾತ್ರ ಅವರೊಬ್ಬರಿಗೆ.

ಪಾದರಸ ಒಳ್ಳೆಯದೋ ಕೆಟ್ಟದ್ದೋ, ಓದಿದವರು ಬಡಿದಾಡಿಕೊಳ್ಳಲಿ. ನಾನು ಓದಿದ್ದು ಏಳನೇ ಇಯತ್ತೆ. ಆದರೆ ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಡಾಕ್ಟರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ರೋಗಿಯೊಬ್ಬರ ಹಲ್ಲಿನ ಹಳೇ ಬೆಳ್ಳಿಯ ಅಂಚನ್ನು ಸೂಜಿಯಿಂದ ತಡವಿ ತೋರಿಸಿದ್ದರು. "ಸೂಜಿ ಎಲ್ಲೆರ ಸಿಕ್ಕಿತೇನು? ಇಲ್ಲ. ಗಟ್ಟಿ ಕುಂತಿದ್ದನ್ನ ಕೆದರಬಾರ್ದವ್ವಾ, ಕೆದರಿದ್ರ ಹಲ್ಲು ಹೋಗ್ತೈತಿ." ಆಗ ಅವರ ದನಿಯಲ್ಲಿ ಒಬ್ಬ ನಿಜವಾದ ಡಾಕ್ಟರಿದ್ದ. ಹದಿನಾಲ್ಕು ವರ್ಷದಲ್ಲಿ ಅವರು ನನಗೆ ಕೊಟ್ಟ ಒಳ್ಳೆಯದು ಅದೊಂದೇ.

ಕೊನೆಗೆ ನಮ್ಮ ಅತ್ತೆ ಬಂದರು, ಮೇಲಿನ ಹಲ್ಲು ಅಲ್ಲಾಡುತ್ತದೆಂದು. ಆಕೆಗೆ ರೊಟ್ಟಿ ಅಗಿಯಲು ಉಳಿದದ್ದು ಕೆಳಗಿನ ಒಂದೇ ದವಡೆಹಲ್ಲು. ಅದರಲ್ಲಿ ನಾನು ನಾದಿ ಡಾಕ್ಟರು ತುಂಬಿದ ಬೆಳ್ಳಿ. ಡಾಕ್ಟರು ಕನ್ನಡಿ ಹಾಕಿ ನೋಡಿದವರೇ ಗೋಡೆಯ ಕಾಗದ ತೋರಿಸಿದರು.

"ಇಷ್ಟ್ ವರ್ಷ ವಿಷ ನುಂಗೀನೇನ್ರೀ ಸಾಹೇಬ್ರ?" ಅತ್ತೆಯ ಮುಖ ಬಾಡಿತು. "ತಗದು ಬಿಡ್ರಿ ಹಂಗಾರ."

ನಾನು ಸೂಜಿ ಹಿಡಿದು ಅಂಚು ತಡವಿದೆ. ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಉಂಗುರ ತೆಗೆದು ಬಟ್ಟಲಿಗೆ ಹಾಕಿದ ಸದ್ದಾಯಿತು. ನಾನು ಸೂಜಿ ಕೆಳಗಿಟ್ಟೆ.

"ಸರ್, ನಿಮ್ಮ ಬಾಯಾಗ ನಾಕು ಅದಾವ. ಮೊದ್ಲು ಅವನ್ನ ತಗಸ್ರಿ. ಆಮ್ಯಾಲ ನಮ್ಮತ್ತಿದು ನೋಡಾನು."

ಅವರು ಬಾಯಿಗೆ ಕೈ ಅಡ್ಡ ಹಿಡಿದರು. ತಮ್ಮದು ತಪ್ಪು ಅನ್ನಲಿಲ್ಲ, ನನ್ನ ಅಂಗೈ ಹೇಗಿದೆ ಎಂದು ಕೇಳಲಿಲ್ಲ. "ಯಾವಾಗ ನೋಡಿದಿ?" ಎಂದು ಕೇಳಿದರು. ಆಮೇಲೆ, "ನಾಳಿಂದ ಬರಬ್ಯಾಡ."

ನಾನು ಅತ್ತೆಯ ಕೈ ಹಿಡಿದು ಕುರ್ಚಿಯಿಂದ ಇಳಿಸಿದೆ.

ಈಗ ಲಿಂಗಸೂಗೂರಿನ ಕಡೆ ಬೇರೆ ದವಾಖಾನೆಯಲ್ಲಿ ಗ್ಲೌಸು ಹಾಕಿಕೊಂಡು ಕೆಲಸ ಮಾಡುತ್ತೇನೆ. ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತದೆ. ಪಾದರಸಕ್ಕೋ ವಯಸ್ಸಿಗೋ, ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ಡಾಕ್ಟರು ತೀರಿಕೊಂಡರು. ಅತ್ತೆಯ ಒತ್ತಾಯಕ್ಕೆ ಹೋದೆ. ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂಡಿಸಿದ್ದರು. ಮನೆಯವರು ಉಂಗುರ ತೆಗೆದಿಟ್ಟುಕೊಂಡಿದ್ದರು, ಬೆರಳಲ್ಲಿ ಬಿಳಿ ಗೆರೆ ಉಳಿದಿತ್ತು. ಗದ್ದಕ್ಕೆ ಕಟ್ಟಿದ ಬಟ್ಟೆ ಸಡಿಲಾಗಿ ಬಾಯಿ ತುಸು ತೆರೆದಿತ್ತು. ಬಗ್ಗಿ ನೋಡಿದೆ. ನಾಲ್ಕೂ ಇದ್ದವು.

ಮನೆಗೆ ಬಂದಾಗ ಅತ್ತೆ ಒಣಗಿದ ಕಟಿರೊಟ್ಟಿ ಅಗಿಯುತ್ತಾ ಕೂತಿದ್ದರು. "ಕಣ್ಣೀರು ಹಾಕಿದೇನ?" ಎಂದು ಕೇಳಿದರು.

"ಇಲ್ರೀ" ಎಂದೆ.

"ಎಷ್ಟಂದ್ರೂ ಅವ್ರು ತುಂಬಿದ ಹಲ್ಲಾಗನ ಉಣ್ಣಾಕತ್ತೀನಿ" ಎಂದರು ಅತ್ತೆ. ನಾನು ಆಕೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.