ನೀರು ಹಾಕದೆ ಕೊಯ್ದ ಕಲ್ಲು

ನಮ್ಮ ಅಡುಗೆಮನೆಯ ಕರಿಕಲ್ಲಿನ ಕಟ್ಟೆಯಲ್ಲಿ ಸಿಂಕು, ಸ್ಟವ್ ಕೂರಿಸಲು ಕಿಂಡಿ ಕೊಯ್ದವನು ಗೋಪಿನಾಥಂನ ಮುರುಗೇಶ. ಕೊಳ್ಳೇಗಾಲದಿಂದ ಯಳಂದೂರಿನವರೆಗೆ ಹೊಸ ಮನೆ ಕಟ್ಟಿದವರೆಲ್ಲ ಅವನನ್ನೇ ಕರೆಸುತ್ತಿದ್ದರು. ಬೆರಳ ಗೆಣ್ಣಿನಿಂದ ಕಲ್ಲು ತಟ್ಟಿ, ಒಳಗೆ ಬಿರುಕಿದ್ದರೆ ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಯಾರಾದರೂ ಅಳತೆ ಹೇಳಿಕೊಡಲು ಹೋದರೆ ಪೆನ್ಸಿಲನ್ನು ಅವರ ಕೈಗೇ ಕೊಟ್ಟು ಟೀ ಕುಡಿಯಲು ಹೊರಡುತ್ತಿದ್ದ. ನನ್ನ ಗಂಡನಿಗೂ ಆ ಪೆನ್ಸಿಲ್ ಸಿಕ್ಕಿತ್ತು.

ನಮ್ಮಲ್ಲಿ ಎಲ್ಲವೂ ಹಿಂದುಮುಂದು. ಕಲ್ಲು ಕೊಯ್ಯುವ ಮೊದಲೇ ಕೆಳಗಿನ ಮರದ ಕಪಾಟು ಕೂತಾಗಿತ್ತು. ಗೃಹಪ್ರವೇಶಕ್ಕೆ ನಾಲ್ಕೇ ದಿನ. ಮುರುಗೇಶ ಬಕೆಟ್ಟು, ಪೈಪು ತಂದಿಟ್ಟ.

"ನೀರು ಬುಟ್ಕಂಡು ಕುಯ್ತೀನಿ ಅಕ್ಕ. ಇಲ್ದಿದ್ರೆ ದೂಳು ಎದೆಗೆ ಓಯ್ತದೆ."

"ಬ್ಯಾಡ ಕಣಪ್ಪ, ಕಪಾಟು ನೆಂದು ಉಬ್ಕತದೆ. ಅಂಗೇ ಕುಯ್ದುಬುಡು," ಅಂದೆ ನಾನು.

ಅವನು ನನ್ನನ್ನೊಮ್ಮೆ, ಕಪಾಟನ್ನೊಮ್ಮೆ ನೋಡಿದ. ಬಕೆಟ್ಟು ಹೊರಗಿಟ್ಟು ಮೂಗಿಗೆ ಟವೆಲ್ ಕಟ್ಟಿಕೊಂಡ. ನಾನು ಬಾಗಿಲು ಎಳೆದುಕೊಂಡೆ, ಧೂಳು ನಡುಮನೆಗೆ ಬರಬಾರದಲ್ಲ! ಎರಡು ಗಂಟೆಯಾದ ಮೇಲೆ ತೆರೆದರೆ ಬಿಳಿ ಮಬ್ಬಿನೊಳಗೆ ಕೆಮ್ಮು ಕೇಳಿತು, ಮನುಷ್ಯ ಕಾಣಲಿಲ್ಲ. ಆಮೇಲೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾದ ಮುದುಕನೊಬ್ಬ ಹೊರಬಂದು "ಆಯ್ತು ಅಕ್ಕ" ಅಂದ. ಕಿಂಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅದಾಗಿ ಆರು ವರ್ಷಕ್ಕೆ, ಹೋದ ಯುಗಾದಿಯ ಹೊತ್ತಿಗೆ, ಮುರುಗೇಶ ತೀರಿಕೊಂಡ. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತಂತೆ. ಅಂದಿನಿಂದ ಕಟ್ಟೆ ಎಷ್ಟು ಒರೆಸಿದರೂ ಬಟ್ಟೆ ಬೆಳ್ಳಗಾಗುತ್ತದೆ. ಅಕ್ಕಿಹಿಟ್ಟು ಕಣೇ ಅನ್ನುತ್ತಾರೆ ಗಂಡ. ನಲ್ಲಿ ತಿರುಗಿಸಿದರೆ ನೀರಿಗೆ ಮೊದಲು ಕೆಮ್ಮು ಬರುತ್ತದೆ. ಪೈಪಿನೊಳಗಿನ ಗಾಳಿ ಅನ್ನುತ್ತಾರೆ. ಇರಬಹುದು. ನನಗಂತೂ ಹಾಡುಹಗಲಲ್ಲೇ ಅಲ್ಲಿ ಒಬ್ಬಳೇ ನಿಲ್ಲಲು ಭಯ.

ಕೊನೆಗೆ ತಡೆಯಲಾಗದೆ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿದೆ. ಅಲ್ಲಿ ಇನ್ನೊಂದು ಬಸ್ಸಿಗೆ ಕಾದು ಕಾದು ಗೋಪಿನಾಥಂ ಸೇರಿದೆ. ಮುರುಗೇಶನ ಹೆಂಡತಿ ಕಾಳಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಚಾಪೆ ಹಾಸಿ ಕೂರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸಿಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ನೀರು ಆಕ್ಬ್ಯಾಡ ಅಂದೋಳು ನಾನೇ ಕಣವ್ವ. ನನ್ನಿಂದ್ಲೇ ಇಂಗಾಯ್ತು."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೀಜ ತೆಗೆಯುತ್ತಲೇ ನನ್ನ ಗುರುತು ಹಿಡಿಯಲು ನೋಡಿದಳು.

"ಕೆಲ್ಸಕ್ಕೆ ಓದ ಮನೇಲೆಲ್ಲಾ ಅಂಗೇ ಅಂತಿದ್ರಂತೆ ಕಣಮ್ಮ," ಅಂದಳು. "ನಿಮ್ದು ಯಾವ ಮನೆ?"